ಮನೆ ಮುಂದೆ ನಿಂತ ಕಾರು: ಯಾವುದು, ಏಕೆ?

ಬೆಳಗಿನ ವಾಯುವಿಹಾರಕ್ಕೆ ಹೊರಟಾಗ ನಿಮ್ಮ ಬಡಾವಣೆಯ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಿಂತಿರುವ ಕಾರುಗಳನ್ನು ಎಣಿಸಿ ನೋಡಿ. ಗೇಟಿನ ಮುಂದೆ, ಚರಂಡಿಯ ಚಪ್ಪಡಿಯ ಮೇಲೆ ಎರಡು ಚಕ್ರ ಏರಿಸಿಕೊಂಡು ನಿಂತ ಆ ಸಾಲಿನಲ್ಲಿ ಬಹುಪಾಲು ಮೂರ್ನಾಲ್ಕು ಕಂಪನಿಗಳವೇ ಆಗಿರುತ್ತವೆ. ಬಣ್ಣದಲ್ಲಿ ಬಿಳಿ, ಬೆಳ್ಳಿ, ಬೂದಿಯವೇ ಹೆಚ್ಚು. ಮಾಲೀಕರನ್ನು ವಿಚಾರಿಸಿದರೆ ಪ್ರತಿಯೊಬ್ಬರೂ ತಾವು ತಿಂಗಳುಗಟ್ಟಲೆ ಯೋಚಿಸಿ, ನಾಲ್ಕು ಷೋರೂಂ ಸುತ್ತಿ, ಭಾವಮೈದುನನ ಸಲಹೆ ಕೇಳಿ ಆರಿಸಿದ್ದಾಗಿ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅವರು ಯೋಚಿಸಲು ಕೂರುವ ಮೊದಲೇ ದೆಹಲಿಯ ಸುಂಕ, ಬೆಂಗಳೂರಿನ ತೆರಿಗೆ, ಬಂಕಿನ ದರಪಟ್ಟಿ ಮತ್ತು ಊರಿನ ಮೆಕ್ಯಾನಿಕ್ ಈ ನಾಲ್ವರೂ ಸೇರಿ ಅರ್ಧ ತೀರ್ಮಾನವನ್ನು ಮಾಡಿ ಮುಗಿಸಿರುತ್ತಾರೆ.

ಕಾರು ನಮ್ಮಲ್ಲಿ ಎಲ್ಲರ ಸ್ವತ್ತೇನೂ ಆಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಕುಟುಂಬಗಳಲ್ಲಿ ಕಾರು ಇದ್ದದ್ದು ಸುಮಾರು 8ಕ್ಕೆ ಮಾತ್ರ. ನೆರೆಯ ಗೋವಾದಲ್ಲಿ ಈ ಪ್ರಮಾಣ ನೂರಕ್ಕೆ ನಲವತ್ತನ್ನು ದಾಟಿತ್ತು; ಕೇರಳದಲ್ಲಿ ನಾಲ್ಕು ಮನೆಗೊಂದು ಎಂಬಷ್ಟರ ಸಮೀಪಕ್ಕೆ ಬಂದಿತ್ತು. ಸ್ಕೂಟರಿನಿಂದ ಮೇಲೇರುವ ಕುಟುಂಬಕ್ಕೆ ಮನೆ ಮತ್ತು ಮಗಳ ಮದುವೆ ಬಿಟ್ಟರೆ ಇದೇ ಅತಿದೊಡ್ಡ ಖರ್ಚು. ಐದು, ಏಳು ವರ್ಷಗಳ ಕಂತು ಕಟ್ಟಬೇಕಾದ ಈ ವಸ್ತುವನ್ನು ಜನ ಯಾವ ಲೆಕ್ಕದ ಮೇಲೆ ಆರಿಸಿದರು, ಆ ಲೆಕ್ಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದರ ಪರಿಶೀಲನೆ ಇಲ್ಲಿದೆ.

ಎರಡೇ ಕಾರುಗಳ ಕಾಲ

ಆಯ್ಕೆ ಎಂಬ ಮಾತಿಗೆ ಅರ್ಥವೇ ಇಲ್ಲದಿದ್ದ ದಿನಗಳಿಂದ ಆರಂಭಿಸೋಣ. ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಅಂಬಾಸಿಡರ್, ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಈ ಮೂರರಲ್ಲಿ ಕೊನೆಯದು ಎಪ್ಪತ್ತರ ದಶಕದಲ್ಲೇ ಹಿಂದೆ ಬಿದ್ದುದರಿಂದ ಉಳಿದದ್ದು ಎರಡೇ. ಎಂಬತ್ತರ ದಶಕದ ಆರಂಭದಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ 50 ಸಾವಿರ ಕಾರುಗಳೂ ತಯಾರಾಗುತ್ತಿರಲಿಲ್ಲ. ಎಷ್ಟು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಲೈಸೆನ್ಸು ಬೇಕಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ರೂಢಿಯಾಗಿದ್ದ ಕಾರಣ, ಹೊಸ ಕಾರಿಗಿಂತ ಕೈಗೆ ತಕ್ಷಣ ಸಿಗುವ ಹಳೆಯ ಕಾರಿಗೆ ಹೆಚ್ಚು ಬೆಲೆ ತೆತ್ತವರೂ ಇದ್ದರು.

ಆದರೂ ಆ ಎರಡರ ನಡುವೆ ಜನ ಭೇದ ಮಾಡುತ್ತಿದ್ದರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರಲ್ಲಿ ಮೈದಳೆದ ಅಂಬಾಸಿಡರ್, ಹಿಂದಿನ ಸೀಟಿನಲ್ಲಿ ಕೂರುವವರ ಕಾರು. ಮಂತ್ರಿ, ಜಿಲ್ಲಾಧಿಕಾರಿ, ಗಿರಣಿ ಮಾಲೀಕ, ಮಠಾಧೀಶ ಎಲ್ಲರಿಗೂ ಅದೇ. ಮದುವೆಯ ದಿಬ್ಬಣದಲ್ಲಿ ಎಂಟು ಹತ್ತು ಮಂದಿಯನ್ನು ತುಂಬಿಕೊಂಡು ಹೋಗುವ ತಾಕತ್ತು, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಿಡಿಸುವ ಔದಾರ್ಯ ಅದಕ್ಕಿತ್ತು. ಫಿಯೆಟ್, ಅಂದರೆ 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಕಾರು, ಸ್ವತಃ ಸ್ಟಿಯರಿಂಗ್ ಹಿಡಿಯುವವರದು. ವೈದ್ಯರು, ವಕೀಲರು, ಪ್ರಾಧ್ಯಾಪಕರು ಅದನ್ನು ಮೆಚ್ಚಿದರು. 1089 ಸಿಸಿಯ ಸಣ್ಣ ಎಂಜಿನ್ನು ಪೆಟ್ರೋಲನ್ನು ಕಡಿಮೆ ಕುಡಿಯುತ್ತಿತ್ತು, ಇಕ್ಕಟ್ಟಿನ ಪೇಟೆ ಬೀದಿಯಲ್ಲಿ ತಿರುಗಿಸುವುದೂ ಸುಲಭವಾಗಿತ್ತು. ಇವೆರಡಕ್ಕೂ ಸಮಾನವಾಗಿದ್ದ ಒಂದು ಗುಣವೆಂದರೆ, ಯಾವ ಊರಿನ ಯಾವ ಮರದಡಿಯಲ್ಲಿ ಕೆಟ್ಟು ನಿಂತರೂ ಅಲ್ಲೊಬ್ಬ ಮೆಕ್ಯಾನಿಕ್ ಇರುತ್ತಿದ್ದ; ಒಂದು ಸ್ಪ್ಯಾನರು, ಒಂದು ತುಂಡು ತಂತಿಯಿಂದ ಅದನ್ನು ಮನೆ ಮುಟ್ಟಿಸುತ್ತಿದ್ದ. ಇಂದಿಗೂ ಹಿರಿಯರು ಕಾರು ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ "ಸರ್ವೀಸ್ ಎಲ್ಲಿ ಸಿಗುತ್ತದೆ?" ಎಂಬುದೇ ಆಗಿದ್ದರೆ ಅದರ ಬೇರು ಇಲ್ಲಿದೆ.

ಕನ್ನಡಿಗರು ಮರೆತಿರುವ ಒಂದು ಅಧ್ಯಾಯವನ್ನೂ ಇಲ್ಲಿ ನೆನೆಯಬೇಕು. ಈ ಎರಡು ಕಾರುಗಳ ಏಕಸ್ವಾಮ್ಯದ ನಡುವೆಯೇ ಬೆಂಗಳೂರಿನಲ್ಲಿ ಸಣ್ಣ ಕಾರೊಂದು ತಯಾರಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಬಂದದ್ದು ಬಾದಲ್ ಎಂಬ ಮೂರು ಚಕ್ರದ ವಿಚಿತ್ರ ವಾಹನ. ಅನಂತರ 1982ರಲ್ಲಿ ಅದೇ ಸಿಪಾನಿ ಕಂಪನಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ ಡಾಲ್ಫಿನ್ ಎಂಬ ಎರಡು ಬಾಗಿಲಿನ, ಫೈಬರ್‌ಗ್ಲಾಸ್ ಮೈಯ ಕಾರನ್ನು ಹೊರತಂದಿತು. ಹಗುರವಾಗಿದ್ದ ಈ ಕಾರು ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಕುಟುಂಬಸ್ಥರು ಮಾತ್ರ ಒಲಿಯಲಿಲ್ಲ. ಎರಡೇ ಬಾಗಿಲು, ತಗಡಲ್ಲದ ಮೈ. ಬೆರಳಿನಿಂದ ತಟ್ಟಿದರೆ ಬಕೆಟ್ಟಿನ ಸದ್ದು ಬರುವ ಕಾರನ್ನು ಅಜ್ಜಿಯನ್ನು ಕೂರಿಸಿಕೊಂಡು ಹೋಗಲು ಯಾರು ನಂಬುತ್ತಾರೆ? ಅಷ್ಟರಲ್ಲೇ ಗುಡಗಾಂವಿನಿಂದ ಇನ್ನೊಂದು ಸಣ್ಣ ಕಾರು ಹೊರಟಿತ್ತು.

ಮಾರುತಿ ತಂದ ಬದಲಾವಣೆ

1983ರ ಡಿಸೆಂಬರ್ 14ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ದೆಹಲಿಯ ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಬೆಲೆ 50 ಸಾವಿರ ರೂಪಾಯಿಯ ಆಸುಪಾಸು. ಮುಂಗಡ ಕಟ್ಟಿ ಕಾದಿದ್ದವರು ಲಕ್ಷಕ್ಕೂ ಹೆಚ್ಚು ಮಂದಿ. ಜಪಾನಿನ ಸುಜುಕಿಯ ತಂತ್ರಜ್ಞಾನ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ಮುಂದಿನ ಚಕ್ರಗಳಿಗೆ ಶಕ್ತಿ ರವಾನೆ. ಇವೆಲ್ಲ ಆಗ ಹೊಸತು. ಅದಕ್ಕಿಂತ ಹೊಸತೆಂದರೆ ಬೆಳಗ್ಗೆ ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಶುರುವಾಗುತ್ತಿತ್ತು. ಅಂಬಾಸಿಡರನ್ನು ಚಳಿಗಾಲದ ಮುಂಜಾನೆ ನಾಲ್ವರು ಸೇರಿ ನೂಕಿದ್ದನ್ನು ಕಂಡವರಿಗೆ ಇದೊಂದೇ ಸಾಕಾಗಿತ್ತು.

ಮೊದಮೊದಲು ಅದನ್ನು ಬೆಂಕಿಪೊಟ್ಟಣ, ಸಾಬೂನು ಡಬ್ಬಿ ಎಂದೆಲ್ಲ ಹಾಸ್ಯ ಮಾಡಿದವರೂ ಕೊನೆಗೆ ಅದನ್ನೇ ಕೊಂಡರು. ಕಾರಣಗಳು ಸ್ಪಷ್ಟವಾಗಿದ್ದವು: ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ, ಎಲ್ಲೆಡೆ ಸಿಗುವ ಬಿಡಿಭಾಗ, ಮಾರುವಾಗ ಕೈಕೊಡದ ಬೆಲೆ. ಕಾರೊಂದನ್ನು ಹೆಂಗಸರು, ಹೊಸದಾಗಿ ಕಲಿತವರು, ನಿವೃತ್ತರು ಯಾರ ನೆರವೂ ಇಲ್ಲದೆ ಓಡಿಸಬಹುದು ಎಂಬುದನ್ನು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬೀದಿಗಳಿಗೆ ತೋರಿಸಿಕೊಟ್ಟದ್ದೂ ಇದೇ ಕಾರು. ಚಾಲಕನಿಗೆ ಸಂಬಳ ಕೊಡುವ ಶಕ್ತಿಯಿಲ್ಲದ ಮನೆಗೂ ಕಾರು ಬಂದದ್ದು ಹೀಗೆ. ಈ ಲೇಖಕನ ಮೊದಲ ಕಾರೂ ಕೈಬದಲಿಸಿ ಬಂದ ಒಂದು 800. ಅದನ್ನು ಆರಿಸಿದ್ದು ನಾನಲ್ಲ, ನನ್ನ ಬ್ಯಾಂಕಿನ ಪಾಸ್‌ಬುಕ್ಕು.

2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ಹೊಗೆ ನಿಯಮ ಜಾರಿಯಾದಾಗ ಬೆಂಗಳೂರು ಸೇರಿದಂತೆ 13 ದೊಡ್ಡ ನಗರಗಳಲ್ಲಿ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ಕೊನೆಗೊಂಡಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಅಂಬಾಸಿಡರ್ ಕೂಡ ಅದೇ ವರ್ಷದ ಮೇ ತಿಂಗಳಲ್ಲಿ ನಿಂತುಹೋದದ್ದು ಕಾಕತಾಳೀಯ. 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪಿಯೂಜೊ ಪಾಲಾಯಿತು.

1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ಮುಂದೆ ಓಮ್ನಿ ಎನಿಸಿಕೊಂಡ ಡಬ್ಬಿಯಾಕಾರದ ವಾಹನದ ಕತೆಯೇ ಬೇರೆ. ಆಂಬುಲೆನ್ಸ್, ಶಾಲಾ ವಾಹನ, ಹೂವಿನ ಸಾಗಣೆ, ನಾಟಕ ಮಂಡಳಿಯ ಸಾಮಾನು, ಅಡುಗೆಯವರ ಪಾತ್ರೆ ಹೀಗೆ ಅದು ಹೊರದ ಹೊರೆಯಿಲ್ಲ. ಚಾಲಕನ ಮುಂದೆ ಬಾನೆಟ್ಟೇ ಇಲ್ಲದ ಆ ವಾಹನದಲ್ಲಿ ಎದುರಿನಿಂದ ಡಿಕ್ಕಿಯಾದರೆ ಮೊದಲು ತಾಗುವುದು ಚಾಲಕನ ಮೊಣಕಾಲು ಎಂಬುದು ಎಲ್ಲರಿಗೂ ಗೊತ್ತಿತ್ತು. 2019ರಲ್ಲಿ ನಿಲ್ಲುವವರೆಗೂ ಜನ ಕೊಳ್ಳುತ್ತಲೇ ಇದ್ದರು.

ಬೆಂಗಳೂರಿನ ಕಾರುಗಳು

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಅಗತ್ಯ ರದ್ದಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 1998ರಲ್ಲಿ, ಹ್ಯುಂಡೈ ಸ್ಯಾಂಟ್ರೊ, ಡೇವೂ ಮಟೀಜ್ ಮತ್ತು ಟಾಟಾ ಇಂಡಿಕಾ ಒಂದರ ಹಿಂದೊಂದು ಬಂದವು. ಸ್ಯಾಂಟ್ರೊ ತಯಾರಾಗುತ್ತಿದ್ದುದು ಚೆನ್ನೈ ಸಮೀಪದಲ್ಲಿ. ಎತ್ತರದ ಮೇಲ್ಛಾವಣಿಯಿಂದಾಗಿ ಪೇಟ ತೊಟ್ಟವರೂ, ಸೀರೆಯುಟ್ಟ ಹಿರಿಯ ಹೆಂಗಸರೂ ತಲೆ ಬಗ್ಗಿಸದೆ ಒಳಗೆ ಕೂರಬಹುದಾಗಿತ್ತು. ಮೊದಲ ನೋಟಕ್ಕೆ ವಿಕಾರವೆನಿಸಿದ ಅದರ ರೂಪವೇ ಕೊನೆಗೆ ಅದರ ಬಂಡವಾಳವಾಯಿತು.

ಕರ್ನಾಟಕದ ಮಟ್ಟಿಗೆ ಹೆಚ್ಚು ಮಹತ್ವದ್ದು ಬಿಡದಿಯ ಬೆಳವಣಿಗೆ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ 2000ದ ಜನವರಿಯಲ್ಲಿ ಕ್ವಾಲಿಸ್ ಬಿಡುಗಡೆ ಮಾಡಿತು. ನೋಡಲು ಪೆಟ್ಟಿಗೆಯಂತಿದ್ದ ಆ ವಾಹನವನ್ನು ಆಗಿನ ಪತ್ರಿಕೆಗಳ ವಿಮರ್ಶಕರು ಅಷ್ಟೇನೂ ಹೊಗಳಲಿಲ್ಲ. ಆದರೆ ಅದೇ ಸಮಯಕ್ಕೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತಲೆಯೆತ್ತಿದ್ದವು. ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಮುಟ್ಟಿಸಲು ಎಂಟು ಮಂದಿ ಹಿಡಿಸುವ, ದಿನಕ್ಕೆ ಇಪ್ಪತ್ತು ಗಂಟೆ ಓಡಿದರೂ ದಣಿಯದ ವಾಹನ ಬೇಕಿತ್ತು. ಕ್ವಾಲಿಸ್ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ರಾಮನಗರ, ಮಂಡ್ಯ, ಕೋಲಾರದ ಕಡೆಯಿಂದ ಬಂದು ಸಾಲ ಮಾಡಿ ಒಂದು ಕ್ವಾಲಿಸ್ ಕೊಂಡು, ಅದರ ದುಡಿಮೆಯಿಂದ ಎರಡನೆಯದನ್ನು ಕೊಂಡ ಯುವಕರು ಬೆಂಗಳೂರಿನಲ್ಲಿ ಅನೇಕರಿದ್ದಾರೆ. 2005ರಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಾಗ ಹಲವರು ಹುಬ್ಬೇರಿಸಿದರು. ಇನ್ನೋವಾ ಮಾತ್ರ ಅಂಬಾಸಿಡರಿನ ಸಿಂಹಾಸನವನ್ನೇ ಏರಿತು. ವಿಧಾನಸೌಧದ ಮೆಟ್ಟಿಲ ಬಳಿ, ಮಠಗಳ ಅಂಗಳದಲ್ಲಿ, ತಿರುಪತಿ-ಧರ್ಮಸ್ಥಳದ ಹಾದಿಯಲ್ಲಿ ಹಳೆಯ ಬಿಳಿ ಅಂಬಾಸಿಡರ್ ಇದ್ದ ಜಾಗದಲ್ಲೆಲ್ಲ ಬಿಳಿ ಇನ್ನೋವಾ ಬಂದು ನಿಂತಿತು.

ಟ್ಯಾಕ್ಸಿಯವರ ಮೆಚ್ಚುಗೆ ಕಾರೊಂದಕ್ಕೆ ವರವೂ ಹೌದು, ಶಾಪವೂ ಹೌದು. ಹಳದಿ ಬೋರ್ಡಿನವರು ಕೊಂಡರೆ ಅದು ಗಟ್ಟಿಮುಟ್ಟು ಎಂದೇ ಅರ್ಥ, ಏಕೆಂದರೆ ಅವರು ಭಾವನೆಗಾಗಿ ಹಣ ಹಾಕುವವರಲ್ಲ. ಆದರೆ ಅದೇ ಕಾರನ್ನು ಬಿಳಿ ಬೋರ್ಡಿನಲ್ಲಿ ಕೊಳ್ಳಲು ಗೃಹಸ್ಥರು ಹಿಂಜರಿಯುತ್ತಾರೆ. ಡೀಸೆಲ್ ಇಂಡಿಕಾಕ್ಕೆ ಹೀಗಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಾಡಿಗೆ ಕಾರುಗಳ ಸಂಖ್ಯೆ ಏರಿತು. 2013ರಲ್ಲಿ ಊಬರ್ ದೇಶದಲ್ಲಿ ಮೊದಲು ಕಾಲಿಟ್ಟದ್ದೂ ಬೆಂಗಳೂರಿನಲ್ಲೇ. ಬಿಡದಿಯಲ್ಲೇ ತಯಾರಾದ ಎಟಿಯೋಸ್ ಅಂಥ ಒಳ್ಳೆಯ ಕಾರಾಗಿದ್ದರೂ ಟ್ಯಾಕ್ಸಿ ಎಂಬ ಹಣೆಪಟ್ಟಿಯಿಂದ ಪಾರಾಗಲಿಲ್ಲ, 2020ರಲ್ಲಿ ನಿಂತುಹೋಯಿತು. ಮಾರುತಿ ಜಾಣತನ ತೋರಿತು. 2012ರಲ್ಲಿ ಹೊಸ ಡಿಸೈರ್ ತಂದಾಗ ಹಳೆಯ ರೂಪವನ್ನು ಟೂರ್ ಎಂಬ ಹೆಸರಿನಲ್ಲಿ ಟ್ಯಾಕ್ಸಿಯವರಿಗೇ ಮೀಸಲಿಟ್ಟಿತು. ಕಂಪನಿಯೊಂದು ಗ್ರಾಹಕನ ಮರ್ಯಾದೆಯ ಪ್ರಶ್ನೆಯನ್ನು ಎಂಜಿನ್ನಿನಷ್ಟೇ ಗಂಭೀರವಾಗಿ ತೆಗೆದುಕೊಂಡದ್ದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಬೆಂಗಳೂರನ್ನು ಬಿಟ್ಟು ಹೊರಗೆ ಹೋದರೆ ಲೆಕ್ಕಾಚಾರ ಬದಲಾಗುತ್ತದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಜೀಪಿಗೆ ಇರುವ ಗೌರವ ಬೇರಾವುದಕ್ಕೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಾಗುವ ತೋಟದ ದಾರಿಯಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಮಹೀಂದ್ರ ಜೀಪು, ಮಾರುತಿ ಜಿಪ್ಸಿಗಳೇ ಗತಿ. ಅಲ್ಲಿ ಹೊಸ ಕಾರಿನ ಅಂದ ಯಾರಿಗೂ ಬೇಕಿಲ್ಲ, ಹೊಂಡದಿಂದ ಮೇಲೆ ಬರಬೇಕು ಅಷ್ಟೇ. ಉತ್ತರ ಕರ್ನಾಟಕದ ಬಯಲಿಗೆ ಬಂದರೆ ಕ್ರೂಸರ್, ಟ್ರ್ಯಾಕ್ಸ್, ಬೊಲೆರೊಗಳ ಕಾರುಬಾರು. ಜಾತ್ರೆಗೆ, ಸಂತೆಗೆ, ನಿಶ್ಚಿತಾರ್ಥಕ್ಕೆ ಇಡೀ ಮನೆತನ ಒಂದೇ ವಾಹನದಲ್ಲಿ ಹೊರಡಬೇಕೆಂದರೆ ಎದುರುಬದುರು ಸೀಟಿನ ಕ್ರೂಸರಿಗೆ ಸಮನಾದದ್ದು ಇನ್ನೊಂದಿಲ್ಲ.

ಡೀಸೆಲ್ ಭ್ರಮೆ, ನಾಲ್ಕು ಮೀಟರ್ ಗೆರೆ

"ಎಷ್ಟು ಕೊಡುತ್ತದೆ?" ಎಂಬ ಪ್ರಶ್ನೆ ನಮ್ಮಲ್ಲಿ ಕಾರಿನ ಬಗೆಗಿನ ಎಲ್ಲ ಪ್ರಶ್ನೆಗಳ ತಾಯಿ. ಸರ್ಕಾರ 2010ರ ಜೂನ್‌ನಲ್ಲಿ ಪೆಟ್ರೋಲ್ ದರದ ಮೇಲಿನ ನಿಯಂತ್ರಣವನ್ನು ತೆಗೆದು ಡೀಸೆಲಿನ ಮೇಲೆ ಉಳಿಸಿಕೊಂಡಾಗ ಎರಡರ ನಡುವಿನ ಅಂತರ ಹಿಗ್ಗಿತು. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಆದರೆ ಆ ನೂಕುನುಗ್ಗಲಿನಲ್ಲಿ ಕಾಗದ ಪೆನ್ಸಿಲು ಹಿಡಿದು ಕೂತವರು ಕಡಿಮೆ. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ಲೀಟರಿಗೆ 70 ರೂಪಾಯಿ, ಡೀಸೆಲ್ 50 ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರು 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 17 ಪೈಸೆ. ಡೀಸೆಲ್ ಕಾರಿಗೆ ಒಂದು ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಲು 46 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವನಿಗೆ ಸುಮಾರು ನಾಲ್ಕು ವರ್ಷ. ಭಾನುವಾರ ದೇವಸ್ಥಾನಕ್ಕೆ, ವರ್ಷಕ್ಕೆರಡು ಬಾರಿ ಊರಿಗೆ ಎಂದು ತಿಂಗಳಿಗೆ 500 ಕಿ.ಮೀ. ಓಡಿಸುವವನಿಗೆ ಏಳೂವರೆ ವರ್ಷಕ್ಕೂ ಮೇಲೆ. ಸಾಲದ ಬಡ್ಡಿ, ಡೀಸೆಲ್ ಎಂಜಿನ್ನಿನ ದುಬಾರಿ ನಿರ್ವಹಣೆ ಇದರಲ್ಲಿ ಸೇರಿಲ್ಲ.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ಮುಕ್ತವಾಯಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-6 ನಿಯಮ ಬಂದು ಡೀಸೆಲ್ ಎಂಜಿನ್ನುಗಳು ಇನ್ನಷ್ಟು ದುಬಾರಿಯಾದಾಗ ಮಾರುತಿ ಅವುಗಳ ತಯಾರಿಕೆಯನ್ನೇ ಕೈಬಿಟ್ಟಿತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದ ಮೇಲೆ ಜನ ಸಿಎನ್‌ಜಿ, ಹೈಬ್ರಿಡ್, ವಿದ್ಯುತ್ ಎಂದು ಬೇರೆ ದಾರಿ ಹುಡುಕತೊಡಗಿದರು.

ಇನ್ನು ಕಾರಿನ ಉದ್ದದ ವಿಚಾರ. ಹಲವು ಸೆಡಾನುಗಳ ಹಿಂಭಾಗ ಕತ್ತರಿಸಿ ಅಂಟಿಸಿದಂತೆ ಏಕಿದೆ ಎಂದು ಯೋಚಿಸಿದ್ದೀರಾ? 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಸಣ್ಣ ಕಾರೆಂದರೆ ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್ನು. ಎಲ್ಲ ಕಂಪನಿಗಳೂ ಅಳತೆಪಟ್ಟಿ ಹಿಡಿದು ಕೂತವು. 2008ರಲ್ಲಿ ಟಾಟಾ ಇಂಡಿಗೋ ಸಿಎಸ್ ಈ ಗೆರೆಯೊಳಗೆ ಬಂತು, 2012ರ ಡಿಸೈರ್ ಡಿಕ್ಕಿಯನ್ನು ಮೊಟಕುಗೊಳಿಸಿಕೊಂಡು ಒಳಸೇರಿತು. ಜಗತ್ತಿನ ಬೇರೆಡೆ ಅಪರೂಪವಾದ ಈ ಗಿಡ್ಡ ಸೆಡಾನು, ಗಿಡ್ಡ ಎಸ್‌ಯುವಿಗಳು ನಮ್ಮ ಅರ್ಥ ಸಚಿವಾಲಯದ ಕೂಸುಗಳು. 2017ರ ಜಿಎಸ್‌ಟಿಯಲ್ಲೂ ಅದೇ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40 ಎಂದಾಗ ಅಂತರ ಮತ್ತಷ್ಟು ಎದ್ದುಕಂಡಿತು. ನಿಮಗೆ ಇಷ್ಟವಾದ ಕಾರು ನಾಲ್ಕು ಮೀಟರಿಗಿಂತ ಹತ್ತು ಸೆಂಟಿಮೀಟರ್ ಉದ್ದವಿದ್ದರೆ ಆ ಹತ್ತು ಸೆಂಟಿಮೀಟರಿಗೆ ತೆರುವ ಬೆಲೆ ಸಣ್ಣದಲ್ಲ.

ಕರ್ನಾಟಕದವರಿಗೆ ಇದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆಯ ಹೊರೆ. ದೇಶದಲ್ಲೇ ಅತಿ ಹೆಚ್ಚು ರಸ್ತೆ ತೆರಿಗೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಮ್ಮದು ಮುಂದಿದೆ. 2024ರ ದರದಂತೆ 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಉಪಕರ. ಹೀಗಾಗಿ 9.90 ಲಕ್ಷದ ಕಾರಿಗೆ 1,38,600 ರೂಪಾಯಿ ತೆರಿಗೆಯಾದರೆ 10.10 ಲಕ್ಷದ ಕಾರಿಗೆ 1,71,700 ರೂಪಾಯಿ. ಬೆಲೆಯಲ್ಲಿ 20 ಸಾವಿರದ ವ್ಯತ್ಯಾಸಕ್ಕೆ ತೆರಿಗೆಯಲ್ಲಿ 33 ಸಾವಿರ! ಹತ್ತು ಲಕ್ಷದ ಗೆರೆಗಿಂತ ಒಂದಿಷ್ಟು ಕೆಳಗೇ ನಿಲ್ಲುವ ಮಾದರಿಯನ್ನು ಜಾಣರು ಏಕೆ ಆರಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಕೋಟಿ ರೂಪಾಯಿಯ ಕಾರುಗಳನ್ನು ಪುದುಚೇರಿಯಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿಯ ಮೂಲವೂ ಇಲ್ಲೇ. ಸಾರಿಗೆ ಇಲಾಖೆ ಆಗಾಗ ಅಂಥವನ್ನು ಹಿಡಿದು ನಿಲ್ಲಿಸಿದ ಸುದ್ದಿಯನ್ನು ಓದುಗರು ಗಮನಿಸಿರಬಹುದು.

ಅಗ್ಗವೆಂಬ ಅಪಖ್ಯಾತಿ

ಬೆಲೆಯೇ ಸರ್ವಸ್ವವಾಗಿದ್ದರೆ ಟಾಟಾ ನ್ಯಾನೊ ಇಂದು ಪ್ರತಿ ಮನೆಯ ಮುಂದೆ ಇರಬೇಕಿತ್ತು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಸಾಗುವ ನಾಲ್ವರ ಕುಟುಂಬವನ್ನು ಕಂಡು ಹೊಳೆದ ಯೋಚನೆ ಇದು ಎಂದು ರತನ್ ಟಾಟಾ ಹೇಳುತ್ತಿದ್ದರು. 2008ರ ಜನವರಿ 10ರಂದು ದೆಹಲಿಯ ವಾಹನ ಮೇಳದಲ್ಲಿ ಅನಾವರಣ, ಒಂದು ಲಕ್ಷ ರೂಪಾಯಿಯ ವಾಗ್ದಾನ, ಹಿಂಬದಿಯಲ್ಲಿ 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ನು. ಸಿಂಗೂರಿನ ಭೂಮಿ ವಿವಾದದಿಂದ ಆ ವರ್ಷದ ಅಕ್ಟೋಬರ್‌ನಲ್ಲಿ ಕಾರ್ಖಾನೆ ಬಂಗಾಳ ಬಿಟ್ಟು ಹೊರಟಾಗ ಧಾರವಾಡಕ್ಕೆ ಬರಲಿ ಎಂದು ನಮ್ಮ ರಾಜ್ಯವೂ ಆಹ್ವಾನಿಸಿತ್ತು. ಅದು ಗುಜರಾತಿನ ಸಾನಂದಕ್ಕೆ ಹೋಯಿತು. 2009ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹಣ ಕಟ್ಟಿದರು. 2018ರ ಜೂನ್ ತಿಂಗಳಲ್ಲಿ ತಯಾರಾದ ನ್ಯಾನೊಗಳ ಸಂಖ್ಯೆ ಒಂದು.

ಕೆಲವು ಕಾರುಗಳಿಗೆ ಬೆಂಕಿ ಹತ್ತಿದ್ದು, ಬೆಲೆ ಏರಿದ್ದು, ಕಾರ್ಖಾನೆ ತಡವಾದದ್ದು ಎಲ್ಲವೂ ಕಾರಣಗಳೇ. ಆದರೆ ಮುಖ್ಯ ಕಾರಣ ಬೇರೆಯಿತ್ತು, ಅದನ್ನು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು: ಅತಿ ಅಗ್ಗದ ಕಾರು ಎಂದು ಅದನ್ನು ಬಿಂಬಿಸಬಾರದಿತ್ತು. ಸ್ಕೂಟರಿನಿಂದ ಕಾರಿಗೆ ಬರುವವನು ನಾಲ್ಕು ಜನರೆದುರು ತಾನು ಮೇಲೆ ಬಂದೆ ಎಂದು ತೋರಿಸಲು ಬರುತ್ತಾನೆ. ದೇಶದ ಅತಿ ಅಗ್ಗದ ವಸ್ತುವನ್ನು ಕೊಂಡು ಬೀಗರ ಮನೆಯ ಮುಂದೆ ನಿಲ್ಲಿಸಲು ಯಾರಿಗೆ ಮನಸ್ಸು ಬಂದೀತು? ಅದೇ ಹಣಕ್ಕೆ ನಾಲ್ಕು ವರ್ಷ ಹಳೆಯ ಆಲ್ಟೊ ಸಿಗುತ್ತಿತ್ತು, ಅವನು ಅದನ್ನು ಕೊಂಡ. ನ್ಯಾನೊ ಒಳ್ಳೆಯ ಪೇಟೆ ಕಾರಾಗಿತ್ತು ಎಂಬುದು ನನ್ನ ಅಭಿಪ್ರಾಯ. ಚಿಕ್ಕಪೇಟೆಯಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದವರು ಒಪ್ಪಿಯಾರು.

ಜೀವದ ಬೆಲೆ

ಇಷ್ಟು ಹೊತ್ತೂ ಸುರಕ್ಷತೆಯ ಮಾತು ಬಾರದಿರುವುದನ್ನು ಓದುಗರು ಗಮನಿಸಿರಬೇಕು. ಕೊಳ್ಳುವವರ ಬಾಯಲ್ಲೂ ದಶಕಗಳ ಕಾಲ ಅದು ಬರಲಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ತಡೆಗೋಡೆಗೆ ಗುದ್ದಿಸಿ ಪರೀಕ್ಷಿಸಿತು. ಆಲ್ಟೊ 800, ನ್ಯಾನೊ, ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕ ನಕ್ಷತ್ರಗಳು ಸೊನ್ನೆ. ಏರ್‌ಬ್ಯಾಗ್ ಅಳವಡಿಸಿದ ಪೋಲೊ ಮಾತ್ರ ಮರುಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಗಳಿಸಿತು. ಅಂದರೆ ಅದೇ ಕಂಪನಿ, ಅದೇ ಕಾರು. ಗ್ರಾಹಕ ಕೇಳದಿದ್ದುದರಿಂದ ಜೀವ ಉಳಿಸುವ ಸಾಧನವನ್ನು ಬಿಟ್ಟು ಮಾರಲಾಗುತ್ತಿತ್ತು.

ಷೋರೂಮಿನಲ್ಲಿ ನಡೆಯುತ್ತಿದ್ದ ಚೌಕಾಶಿಯನ್ನು ನೆನಪಿಸಿಕೊಳ್ಳಿ. ಏರ್‌ಬ್ಯಾಗ್ ಇರುವ ಮಾದರಿಗೆ ಮೂವತ್ತು ನಲವತ್ತು ಸಾವಿರ ಹೆಚ್ಚೆಂದಾಗ ಬೇಡವೆಂದವರು ಅದೇ ಹಣವನ್ನು ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ, ಮುಂದಿನ ಬಂಪರಿಗೆ ದಪ್ಪ ಕಬ್ಬಿಣದ ಗಾರ್ಡಿಗೆ ಸುರಿದರು. ಆ ಗಾರ್ಡು ಡಿಕ್ಕಿಯ ಪೆಟ್ಟನ್ನು ನೇರವಾಗಿ ಚಾಸಿಗೆ ರವಾನಿಸಿ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ಹೇಳುವವರಿರಲಿಲ್ಲ. 2022ರೊಂದರಲ್ಲೇ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಅವರಲ್ಲಿ ಹೆಚ್ಚಿನವರು ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳು, ನಿಜ. ಕಾರಿನೊಳಗೆ ಸತ್ತವರೂ ಸಾವಿರಾರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತು ಸಾವಿಗೀಡಾದರು. ಹಿಂದಿನ ಸೀಟಿಗೂ ಬೆಲ್ಟ್ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿದದ್ದು ಅಂದೇ.

ಬದಲಾವಣೆ ಆಗಿದೆ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್‌ಗೆ ಐದು ನಕ್ಷತ್ರ ದೊರೆತಾಗ ಕಂಪನಿಗಳು ಅದನ್ನು ಜಾಹೀರಾತಿನಲ್ಲಿ ಬಳಸತೊಡಗಿದವು. 2019ರ ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ, 2021ರಿಂದ ಪಕ್ಕದವರಿಗೂ. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಆರಂಭವಾಯಿತು. ಇದಕ್ಕೊಂದು ಇನ್ನೊಂದು ಮುಖವಿದೆ. ಸುರಕ್ಷತೆ ಮತ್ತು ಹೊಗೆಯ ನಿಯಮಗಳಿಂದ ಸಣ್ಣ ಕಾರುಗಳ ಬೆಲೆ ಏರಿತು, ಆಲ್ಟೊ 800 ಕೂಡ 2023ರ ಮಾರ್ಚ್ ಅಂತ್ಯಕ್ಕೆ ನಿಂತಿತು, ಸ್ಕೂಟರಿನಿಂದ ಮೇಲೇರಬೇಕಿದ್ದವನು ಸ್ಕೂಟರಿನಲ್ಲೇ ಉಳಿದ. ಸುರಕ್ಷಿತವಲ್ಲದ ಕಾರಿಗಿಂತಲೂ ಸ್ಕೂಟರು ಅಪಾಯಕಾರಿ ಎಂಬ ಮಾರುತಿಯವರ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಒಪ್ಪಿಕೊಳ್ಳುವುದೂ ಕಷ್ಟ.

ಈ ನಡುವೆ ಕೊಳ್ಳುವ ಶಕ್ತಿಯಿದ್ದವರೆಲ್ಲ ಎತ್ತರದ ವಾಹನಗಳತ್ತ ಹೊರಳಿದ್ದಾರೆ. 2023-24ರಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಯಂಥವು. 2024ರ ಅತಿ ಹೆಚ್ಚು ಮಾರಾಟದ ಕಾರು ಟಾಟಾ ಪಂಚ್. ನಾಲ್ಕು ದಶಕಗಳ ಬಳಿಕ ಮಾರುತಿಯೇತರ ಕಾರೊಂದು ಆ ಸ್ಥಾನಕ್ಕೇರಿತು. ಕಾರಣ ಕೇಳಿದರೆ ರಸ್ತೆ ಚೆನ್ನಾಗಿ ಕಾಣುತ್ತದೆ, ಉಬ್ಬಿಗೆ ತಳ ತಾಗುವುದಿಲ್ಲ ಎನ್ನುತ್ತಾರೆ. ನಮ್ಮ ಬಡಾವಣೆಗಳ ಅವೈಜ್ಞಾನಿಕ ಹಂಪುಗಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು.

ಗೇರು, ಚಾರ್ಜರು, ಆಷಾಢ

ಬೆಂಗಳೂರಿನ ದಟ್ಟಣೆ ಕಾರಿನ ಆಯ್ಕೆಯ ಮೇಲೆ ಬೀರಿದ ಪರಿಣಾಮ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕ್ಲಚ್ ಒತ್ತಿ ಒತ್ತಿ ಮಂಡಿ ನೋವು ತಂದುಕೊಂಡವರು, 2014ರಲ್ಲಿ ಮಾರುತಿ ಸೆಲೆರಿಯೊ ಅಗ್ಗದ ಸ್ವಯಂಚಾಲಿತ ಗೇರನ್ನು ತಂದಾಗ ನಿಟ್ಟುಸಿರುಬಿಟ್ಟರು. ಅಲ್ಲಿಯವರೆಗೆ ಆಟೋಮ್ಯಾಟಿಕ್ ಎಂದರೆ ಶ್ರೀಮಂತರ ಸೋಮಾರಿತನ ಎಂಬ ಭಾವನೆಯಿತ್ತು, ಮೈಲೇಜು ಬೀಳುತ್ತದೆಂಬ ಭಯವಿತ್ತು.

ಕಾರು ಯಾವುದೇ ಇರಲಿ, ಆಷಾಢದಲ್ಲಿ ಮನೆಗೆ ತರುವವರು ವಿರಳ. ಶ್ರಾವಣ ಹುಟ್ಟಿದರೆ ಷೋರೂಮುಗಳಿಗೆ ಜೀವ ಬರುತ್ತದೆ, ವಿಜಯದಶಮಿಗೆ ಉತ್ತುಂಗ. ಚಕ್ರದಡಿಯ ನಿಂಬೆಹಣ್ಣು, ನೋಂದಣಿ ಸಂಖ್ಯೆಯ ಅಂಕಿಗಳ ಕೂಡಿಕೆ, ಇಷ್ಟದ ಸಂಖ್ಯೆಗಾಗಿ ಸಾರಿಗೆ ಇಲಾಖೆಯ ಹರಾಜು ಇವೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೂ ಅನ್ವಯ.

ವಿದ್ಯುತ್ ಕಾರಿನ ವಿಷಯದಲ್ಲಿ ಬೆಂಗಳೂರಿಗೆ ಹಿರಿತನವಿದೆ. ಚೇತನ್ ಮೈನಿ ಅವರ ರೇವಾ ಇಲ್ಲಿ ಮಾರಾಟಕ್ಕೆ ಬಂದದ್ದು 2001ರಲ್ಲಿ. ಎರಡು ಬಾಗಿಲು, ಸೀಸ-ಆಮ್ಲದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಲಂಡನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಓಡಾಡಿದ ಅದು ತನ್ನ ಊರಿನಲ್ಲಿ ಕುತೂಹಲದ ವಸ್ತುವಾಗಿಯೇ ಉಳಿಯಿತು. 2010ರಲ್ಲಿ ಕಂಪನಿ ಮಹೀಂದ್ರದ ಕೈಗೆ ಹೋಯಿತು. ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿಯನ್ನು ರೂಪಿಸಿತು, ಅದಕ್ಕೂ ಮೊದಲೇ 2016ರಲ್ಲಿ ಜೀವಿತಾವಧಿ ತೆರಿಗೆಯಿಂದ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರಿಗೆ ಶೇ 10 ತೆರಿಗೆ ಬಂತು. ಪೆಟ್ರೋಲ್ ಕಾರಿಗೆ ಲಕ್ಷಗಟ್ಟಲೆ ತೆರಿಗೆ ಕಟ್ಟಬೇಕಾದ ರಾಜ್ಯದಲ್ಲಿ ಈ ವಿನಾಯಿತಿ ಬ್ಯಾಟರಿಯ ದುಬಾರಿ ಬೆಲೆಯನ್ನು ಎಷ್ಟೋ ಮಟ್ಟಿಗೆ ಸರಿದೂಗಿಸಿತು. ಸ್ವಂತ ಮನೆ, ಸ್ವಂತ ಗೇಟು ಇದ್ದವರಿಗೆ ಲೆಕ್ಕ ಸಲೀಸು. ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿದ್ದು ಕಾರನ್ನು ರಸ್ತೆಯಲ್ಲಿ ನಿಲ್ಲಿಸುವವರು ತಂತಿಯನ್ನು ಎಲ್ಲಿಂದ ಎಳೆಯಬೇಕು? ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಚಾರ್ಜರ್ ಕೂರಿಸಲು ಸಂಘದ ಒಪ್ಪಿಗೆ ಸಿಗದೆ ಬುಕಿಂಗ್ ರದ್ದು ಮಾಡಿದವರೂ ಇದ್ದಾರೆ.

ಅಂಥವರಲ್ಲಿ ಹಲವರು ಹಳೆಯ ಕಾರನ್ನೇ ಮುಂದುವರಿಸುತ್ತಿದ್ದಾರೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಲು 2022ರ ಏಪ್ರಿಲ್‌ವರೆಗೆ 600 ರೂಪಾಯಿ ಶುಲ್ಕವಿತ್ತು, ಆಗ ಅದನ್ನು 5,000ಕ್ಕೆ ಏರಿಸಲಾಯಿತು. ಆದರೂ ಆರ್‌ಟಿಒ ಕಚೇರಿಯ ಮೈದಾನದಲ್ಲಿ ತಪಾಸಣೆಗೆ ಸಾಲಾಗಿ ನಿಂತ ಕಾರುಗಳ ನಡುವೆ ಮಾಸಿದ ಬಣ್ಣದ ಒಂದೆರಡು ಮಾರುತಿ 800 ಈಗಲೂ ಕಾಣುತ್ತವೆ.